ಪೆಟ್ಟಿಗೆ ನಮ್ಮದು, ರುಚಿ ಯಾರದ್ದು?

2008ರ ಶುರುವಿನಲ್ಲಿ ಅಮೆರಿಕದಲ್ಲೊಂದು ಪುಟ್ಟ ಪೆಟ್ಟಿಗೆ ಮಾರಾಟಕ್ಕೆ ಬಂತು. ಹೆಸರು ಸ್ಲ್ಯಾಕರ್. ಸೋಮಾರಿ ಅಂತ ಅರ್ಥ :) ಹೆಸರಿಗೆ ತಕ್ಕ ಹಾಗೆ ಅದು ಸೋಮಾರಿಗಳ ರೇಡಿಯೋನೇ. ಐಪಾಡ್ ಆದರೆ ಹಾಡು ಹುಡುಕಬೇಕು, ಕೊಳ್ಳಬೇಕು, ಕಂಪ್ಯೂಟರಿಗೆ ಸಿಕ್ಕಿಸಿ ತುಂಬಬೇಕು, ಪ್ಲೇಲಿಸ್ಟ್ ಮಾಡಬೇಕು. ಇದಕ್ಕೆ ಆ ಕಷ್ಟ ಯಾವುದೂ ಇಲ್ಲ. ನಿಮಗಿಷ್ಟದ ಸ್ಟೇಷನ್‌ಗಳನ್ನು ಒಮ್ಮೆ ಆರಿಸಿಟ್ಟರೆ ಮುಗೀತು, ವೈ-ಫೈ ಸಿಕ್ಕಾಗಲೆಲ್ಲ ಪೆಟ್ಟಿಗೆ ತಾನೇ ಹೊಸ ಹಾಡು ತುಂಬಿಕೊಳ್ಳುತ್ತಿತ್ತು. ಆಮೇಲೆ ಬಸ್ಸಿನಲ್ಲೋ ವಿಮಾನದಲ್ಲೋ, ಇಂಟರ್ನೆಟ್ ಇಲ್ಲದ ಕಡೆಯೂ ಹಾಡುತ್ತಿತ್ತು. ಹಾಡು ಇಷ್ಟವಾದರೆ ಒತ್ತೋದಕ್ಕೆ ಹೃದಯದ ಗುರುತಿನ ಗುಂಡಿ. ಸೇರದಿದ್ದರೆ "ಇದನ್ನ ಇನ್ನು ಹಾಕಬೇಡ" ಅಂತ ಹೇಳೋದಕ್ಕೆ ಇನ್ನೊಂದು ಗುಂಡಿ. 2 ಜಿಬಿ ಪೆಟ್ಟಿಗೆಯಲ್ಲಿ 15 ಸ್ಟೇಷನ್, 4 ಜಿಬಿಯದ್ದರಲ್ಲಿ 25, 8 ಜಿಬಿಯದ್ದರಲ್ಲಿ 40. ಬೆಲೆ 200ರಿಂದ 300 ಡಾಲರ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೂ ಚಿಕ್ಕದಾದ ಜಿ2 ಅನ್ನೋ ಮಾದರಿಯೂ ಬಂತು.

ನಾನಾಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಆ ಪೆಟ್ಟಿಗೆಯ ಬಗ್ಗೆ ಓದಿದ್ದೆಲ್ಲ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಓದಿದಾಗಿನಿಂದ ತಲೆಯಲ್ಲಿ ಒಂದು ಹುಳ ಕೊರೀತಾ ಇದೆ. ಅದನ್ನ ನಿಮ್ಮ ತಲೆಗೂ ಬಿಡೋಣ ಅಂತ ಈ ಪೋಸ್ಟು.

ಹುಳ ಏನಪ್ಪಾ ಅಂದ್ರೆ, ಇಂಥ ರೇಡಿಯೋದಲ್ಲಿ ಮೂರು ಭಾಗ ಇರುತ್ತೆ. ಒಂದು, ಕೈಯಲ್ಲಿ ಹಿಡಿಯೋ ಪೆಟ್ಟಿಗೆ. ಎರಡು, ಅದರಲ್ಲಿ ಬರೋ ಹಾಡು. ಮೂರು, ನಮಗೇನು ಇಷ್ಟ ಏನು ಇಷ್ಟ ಇಲ್ಲ ಅಂತ ಅದು ಇಟ್ಟುಕೊಂಡಿರೋ ಲೆಕ್ಕ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರೋದು ಮೊದಲನೆಯದನ್ನ ಮಾತ್ರ. ಎರಡನೆಯದು ಬಾಡಿಗೆ. ಮೂರನೆಯದನ್ನ ಮಾಡಿದವರು ನಾವೇ, ದಿನಾ ಗುಂಡಿ ಒತ್ತಿ ಒತ್ತಿ. ಆದರೆ ಅದೂ ನಮ್ಮ ಹತ್ರ ಇರೋಲ್ಲ! ಕಂಪನಿ ಬಾಗಿಲು ಹಾಕಿದ ದಿನ ಪೆಟ್ಟಿಗೆಯೂ ಕೆಲಸಕ್ಕೆ ಬರೋಲ್ಲ, ಲೆಕ್ಕವೂ ಹೋಗುತ್ತೆ. ಹಾಡು ಬಾಡಿಗೆಯದಾಗಿರಲಿ, ಒಪ್ಪೋಣ. ರುಚಿಯ ಲೆಕ್ಕ ಮಾತ್ರ ಕೇಳುಗನ ಕೈಯಲ್ಲೇ ಇರಬೇಕು ಅನ್ನೋದು ನನ್ನ ವಾದ. ಕನ್ನಡ ಕೇಳುವವರಿಗಂತೂ ಇದು ಇನ್ನೂ ಮುಖ್ಯ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು, ಈ ಯಂತ್ರಗಳು ನಮ್ಮ ರುಚಿಯನ್ನ ಕಲಿಯೋದು ಹೇಗೆ ಅಂತ ಸ್ವಲ್ಪ ನೋಡೋಣ. ಮುಖ್ಯವಾಗಿ ಎರಡು ದಾರಿ.

ಒಂದು ಪ್ಯಾಂಡೋರಾದ ದಾರಿ. 2000ದಲ್ಲಿ ಶುರುವಾದ ಕಂಪನಿ ಇದು, ರೇಡಿಯೋ ಆಗಿ ಜನರ ಮುಂದೆ ಬಂದದ್ದು 2005ರಲ್ಲಿ. ಅಲ್ಲಿ ಸಂಗೀತ ಬಲ್ಲವರು ಕೂತು ಒಂದೊಂದೇ ಹಾಡು ಕೇಳಿ ಗುರುತು ಹಾಕ್ತಾರೆ. ಗಂಡು ದನಿಯೋ ಹೆಣ್ಣು ದನಿಯೋ, ಲಯ ಎಂಥದ್ದು, ಯಾವ ವಾದ್ಯ ಮುಂದಿದೆ... ಹೀಗೆ ಒಂದು ಹಾಡಿಗೆ ಹೆಚ್ಚೆಂದರೆ 450 ಗುಣಗಳು. ನಿಮಗೆ ಒಂದು ಹಾಡು ಇಷ್ಟವಾದರೆ ಅದರ ಗುಣಗಳಿಗೆ ಹತ್ತಿರದ ಇನ್ನೊಂದು ಹಾಡು ಬರುತ್ತೆ.

ಇನ್ನೊಂದು ಲಾಸ್ಟ್‌ಎಫ್ಎಂ ದಾರಿ. 2002ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಇಲ್ಲಿ ಹಾಡಿನ ಒಳಗೆ ಏನಿದೆ ಅಂತ ಯಾರೂ ನೋಡೋಲ್ಲ. ನೀವು ಕೇಳಿದ್ದೆಲ್ಲ ಒಂದು ಡೈರಿಯಲ್ಲಿ ಬರೆದುಕೊಳ್ಳುತ್ತೆ. ನಿಮ್ಮಂಥದ್ದೇ ಡೈರಿ ಇರೋ ಇನ್ನೊಬ್ಬರು ಕೇಳಿದ, ನೀವಿನ್ನೂ ಕೇಳದ ಹಾಡನ್ನ ನಿಮಗೆ ಹಾಕುತ್ತೆ. "ಅವರ ಮನೆಯಲ್ಲೂ ಹಲಸಿನ ಹಪ್ಪಳ ಮಾಡ್ತಾರೆ, ಹಾಗಾದ್ರೆ ಅವರ ಉಪ್ಪಿನಕಾಯಿಯೂ ನಮಗೆ ಸೇರಬಹುದು" ಅನ್ನೋ ಥರ.

ಈಗಿನ ಆ್ಯಪ್‌ಗಳು ಈ ಎರಡನ್ನೂ ಬೆರೆಸ್ತವೆ, ಮೇಲೆ ಇನ್ನಷ್ಟು ಗಣಿತ. ಆದರೆ ಬುನಾದಿ ಇದೇ. ಎರಡರಲ್ಲೂ ಮುಖ್ಯವಾದ ಕಚ್ಚಾ ಸಾಮಾನು ನಮ್ಮ ಗುಂಡಿ ಒತ್ತುವಿಕೆ, ನಮ್ಮ ಕೇಳುವಿಕೆ. ಯಂತ್ರ ಜಾಣ ಅಂತೀವಿ. ಆ ಜಾಣತನದಲ್ಲಿ ಅರ್ಧ ನಮ್ಮದೇ ದುಡಿಮೆ, ಅಲ್ವಾ?

*

ಇನ್ನು ಪೆಟ್ಟಿಗೆಗಳ ಸಾವಿನ ಕಥೆ.

ಸ್ಲ್ಯಾಕರ್ ಒಂದೇ ಅಲ್ಲ. ಅದಕ್ಕಿಂತ ಒಂದು ವರ್ಷ ಮೊದಲೇ, 2007ರಲ್ಲಿ, ಸ್ಯಾನ್‌ಡಿಸ್ಕ್‌ನವರ ಸಾನ್ಸಾ ಕನೆಕ್ಟ್ ಬಂದಿತ್ತು. ವೈ-ಫೈ ಮೂಲಕ ಯಾಹೂ ರೇಡಿಯೋ ಕೇಳಿಸುತ್ತಿತ್ತು. ಸ್ಲ್ಯಾಕರ್‌ನವರ ಆಸೆ ಇನ್ನೂ ದೊಡ್ಡದು. ಕಾರಿನಲ್ಲಿ ಹೋಗ್ತಾ ಇದ್ದರೆ ಉಪಗ್ರಹದಿಂದಲೇ ಹೊಸ ಹಾಡು ಇಳಿಸಿಕೊಳ್ಳುವ ಕಿಟ್ ಮಾಡ್ತೀವಿ ಅಂತ 2007ರಲ್ಲೇ ಹೇಳಿದ್ದರು.

ಅಷ್ಟರಲ್ಲಿ 2008ರ ಜುಲೈನಲ್ಲಿ ಐಫೋನಿಗೆ ಆ್ಯಪ್ ಸ್ಟೋರ್ ಬಂತು. ಮೊದಲ ದಿನದಿಂದಲೇ ಅದರಲ್ಲಿ ಪ್ಯಾಂಡೋರಾ ಇತ್ತು. ಜೇಬಿನಲ್ಲಿ ಹೇಗೂ ಫೋನ್ ಇದೆ, ಫೋನಿನಲ್ಲಿ ಇಂಟರ್ನೆಟ್ ಇದೆ, ರೇಡಿಯೋ ಪುಕ್ಕಟೆ. 200 ಡಾಲರ್ ಕೊಟ್ಟು ಇನ್ನೊಂದು ಪೆಟ್ಟಿಗೆ ಯಾರು ಹೊರ್ತಾರೆ? ಸ್ಲ್ಯಾಕರ್ ಕೂಡ ಆ್ಯಪ್ ಆಯಿತು, ಪೆಟ್ಟಿಗೆ ನಿಂತಿತು. 2017ರ ಕೊನೆಯಲ್ಲಿ ಆ ಕಂಪನಿಯನ್ನೇ ಲೈವ್‌ಎಕ್ಸ್‌ಲೈವ್ ಅನ್ನೋ ಇನ್ನೊಂದು ಕಂಪನಿ ಕೊಂಡುಕೊಂಡಿತು.

ಇದರ ಹಿಂದೆ ಕಾನೂನಿನ ಕಥೆಯೂ ಇದೆ. ಅಮೆರಿಕದಲ್ಲಿ ಇಂಟರ್ನೆಟ್ ರೇಡಿಯೋಗೆ 1998ರ ಕಾಯ್ದೆಯಡಿ ಒಂದು ಸಾಮಾನ್ಯ ಪರವಾನಗಿ ಸಿಗುತ್ತೆ. ಪ್ರತಿ ಹಾಡಿಗೂ ಹಕ್ಕುದಾರರ ಮನೆಬಾಗಿಲಿಗೆ ಹೋಗಬೇಕಿಲ್ಲ, ಗೊತ್ತುಪಡಿಸಿದ ರಾಯಧನ ಕಟ್ಟಿದರೆ ಸಾಕು. ಆದರೆ ಷರತ್ತುಗಳಿವೆ. ಮೂರು ಗಂಟೆ ಅವಧಿಯಲ್ಲಿ ಒಬ್ಬನೇ ಕಲಾವಿದನ 4ಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ, ಒಂದೇ ಆಲ್ಬಮ್ಮಿನಿಂದ 3ಕ್ಕಿಂತ ಹೆಚ್ಚಿಲ್ಲ. ಮುಂದೆ ಯಾವ ಹಾಡು ಬರುತ್ತೆ ಅಂತ ಮೊದಲೇ ಪಟ್ಟಿ ಹಾಕುವಂತಿಲ್ಲ. ಪ್ಯಾಂಡೋರಾದಲ್ಲಿ, ಸ್ಲ್ಯಾಕರಿನ ಪುಕ್ಕಟೆ ಸೇವೆಯಲ್ಲಿ ಗಂಟೆಗೆ ಆರೇ ಹಾಡು ದಾಟಿಸಬಹುದು ಅಂತ ಮಿತಿ ಇತ್ತಲ್ಲ, ಅದರ ಹಿಂದಿದ್ದದ್ದೂ ಇದೇ ಹಕ್ಕಿನ ಲೆಕ್ಕಾಚಾರ. ಕೇಳುಗ ಬೇಕಾದ್ದನ್ನ ಬೇಕಾದಾಗ ಕೇಳೋ ಹಾಗಾದರೆ ಅದು ರೇಡಿಯೋ ಅಲ್ಲ, ಅಂಗಡಿ. ಅಂಗಡಿಯ ದರವೇ ಬೇರೆ.

ಸ್ವಲ್ಪ ನಿಂತು ಯೋಚನೆ ಮಾಡಿ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡಿಗರೊಬ್ಬರು ಇದೇ ಪರವಾನಗಿ ಹಿಡಿದು ಹಳೆಯ ಕನ್ನಡ ಚಿತ್ರಗೀತೆಗಳ ರೇಡಿಯೋ ನಡೆಸ್ತಾರೆ ಅಂದ್ಕೊಳ್ಳಿ. ನಮ್ಮ ಆ ಕಾಲದ ಹಾಡುಗಳೆಲ್ಲ ಹೆಚ್ಚೂಕಡಿಮೆ ಕೈಬೆರಳೆಣಿಕೆಯ ದನಿಗಳ ಮೇಲೆ ನಿಂತಿವೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ರಾಜ್‌ಕುಮಾರ್, ಎಸ್‌ಪಿಬಿ, ವಾಣಿ ಜಯರಾಂ... ಮೂರು ಗಂಟೆಗೆ ಒಬ್ಬರದ್ದು ನಾಲ್ಕೇ ಹಾಡು ಅಂದ್ರೆ ಎಸ್‌ಪಿಬಿ ಹುಟ್ಟುಹಬ್ಬಕ್ಕೆ ಒಂದು ಗಂಟೆ ಪೂರ್ತಿ ಅವರದ್ದೇ ಹಾಡು ಹಾಕೋ ಹಾಗೂ ಇಲ್ಲ! ನಿಯಮ ಮಾಡಿದವರ ತಲೆಯಲ್ಲಿ ಇದ್ದದ್ದು ಪಾಪ್ ಸಂಗೀತ. ಬೇರೆ ಥರ ಬೆಳೆದ ನಮ್ಮ ಚಿತ್ರಸಂಗೀತ ಆ ಅಂಗಿಗೆ ಹಿಡಿಸೋಲ್ಲ.

ಹಾಡನ್ನ ಪೆಟ್ಟಿಗೆಯೊಳಗೆ ತುಂಬಿ ಕೊಡೋದು ಅಂದ್ರಂತೂ ಆ ಸಾಮಾನ್ಯ ಪರವಾನಗಿ ಸಾಲದು, ಧ್ವನಿಮುದ್ರಣ ಕಂಪನಿಗಳ ಜೊತೆ ಬೇರೆಯಾಗಿ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಹಾಗಾಗಿ ಈ ಸೇವೆಗಳಿಗೆ ಆ ದೇಶದ ಗಡಿ ದಾಟೋದು ಕಷ್ಟವಾಯಿತು. ಪ್ಯಾಂಡೋರಾ 2007ರ ಮೇ ತಿಂಗಳಿನಲ್ಲಿ ಹೊರದೇಶಗಳ ಕೇಳುಗರಿಗೆ ಬಾಗಿಲು ಹಾಕಿತು. ಅಲ್ಲಿಯತನಕ ಬೆಂಗಳೂರಿನ ಆಫೀಸುಗಳಲ್ಲಿ ಕೂತು ಕೇಳ್ತಿದ್ದವರಿಗೂ ಅವತ್ತೇ ನಿಂತುಹೋಯಿತು. ಅವರು ಒತ್ತಿದ್ದ "ಇಷ್ಟ"ಗಳೆಲ್ಲ ಬಾಗಿಲಿನ ಆ ಕಡೆಯೇ ಉಳಿದವು.

*

"ಇದೆಲ್ಲ ಅಮೆರಿಕದ ಕಥೆ, ನಮಗ್ಯಾಕೆ" ಅನ್ನೋವರಿಗೆ ಬೆಂಗಳೂರಿನದ್ದೇ ಒಂದು ಹೇಳ್ತೀನಿ. ವರ್ಲ್ಡ್‌ಸ್ಪೇಸ್ ನೆನಪಿದೆಯಾ? ನೋಹಾ ಸಮಾರಾ ಅನ್ನೋರು ಕಟ್ಟಿದ ಉಪಗ್ರಹ ರೇಡಿಯೋ. 1998ರಲ್ಲಿ ಆಫ್ರಿಕಾಕ್ಕೆ ಒಂದು ಉಪಗ್ರಹ, 2000ದಲ್ಲಿ ಏಷ್ಯಾಕ್ಕೆ ಒಂದು. ಭಾರತದ ವ್ಯವಹಾರ ನಡೀತಿದ್ದದ್ದು ಬೆಂಗಳೂರಿನಿಂದ. ಕನ್ನಡಕ್ಕೆ ಸ್ಪರ್ಶ, ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದುಸ್ತಾನಿಗೆ ಗಂಧರ್ವ ಅಂತ ಚಾನೆಲ್‌ಗಳಿದ್ದವು. ಜಾಹೀರಾತಿಲ್ಲದೆ, ಮಾತಿನ ಕಿರಿಕಿರಿ ಇಲ್ಲದೆ ದಿನವಿಡೀ ಸಂಗೀತ. ಕಿಟಕಿಯಲ್ಲಿ ಪುಟ್ಟ ಆಂಟೆನಾ ಇಟ್ಟು ದಿಕ್ಕು ಹೊಂದಿಸಿ ಕೂತು ಕೇಳ್ತಿದ್ದ ಆ ಕಾಲದ ಶ್ರೋತೃಗಳು ಇವತ್ತಿಗೂ ಅದರ ಬಗ್ಗೆ ಮಾತಾಡೋದು ಕೇಳಿದ್ದೀನಿ.

2008ರ ಅಕ್ಟೋಬರಿನಲ್ಲಿ ಆ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ಸಾವಿರಾರು ರಿಸೀವರ್‌ಗಳಿಗೆ ಒಂದೇ ರಾತ್ರಿಯಲ್ಲಿ ಕೆಲಸ ಹೋಯಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಸ್ಪೀಕರ್ ಕೆಟ್ಟಿರಲಿಲ್ಲ, ಅವಕ್ಕೆ ಮಾತಾಡೋರು ಇರಲಿಲ್ಲ ಅಷ್ಟೆ. ವರ್ಲ್ಡ್‌ಸ್ಪೇಸ್ ಪ್ರತಿಯೊಬ್ಬರ ರುಚಿ ಕಲಿಯೋ ರೇಡಿಯೋ ಅಲ್ಲ, ಇಂಟರ್ನೆಟ್ಟಿನದ್ದೂ ಅಲ್ಲ ಅನ್ನೋದು ನಿಜ. ಆದರೆ ಒಬ್ಬರೇ ಧಣಿಯನ್ನ ನಂಬಿದ ಪೆಟ್ಟಿಗೆಯ ಪಾಡು ಎಲ್ಲ ಕಡೆಯೂ ಒಂದೇ.

ತೀರಾ ಇತ್ತೀಚಿನದ್ದು ಬೇಕಾದರೆ ಸ್ಪಾಟಿಫೈ ಕಂಪನಿಯ ಕಾರ್ ಥಿಂಗ್. ಕಾರಿನ ಡ್ಯಾಶ್‌ಬೋರ್ಡಿಗೆ ಸಿಕ್ಕಿಸೋ ಪುಟ್ಟ ಪರದೆ, ಒಂದು ದುಂಡು ತಿರುಗುಗುಂಡಿ. ಫೋನಿನ ಜೊತೆ ಸೇರಿಯೇ ಕೆಲಸ ಮಾಡೋದು. 2022ರ ಫೆಬ್ರವರಿಯಲ್ಲಿ 90 ಡಾಲರಿಗೆ ಎಲ್ಲರಿಗೂ ಮಾರಾಟ ಶುರು. ಅದೇ ಜುಲೈನಲ್ಲಿ ತಯಾರಿಕೆ ಬಂದ್. 2024ರ ಡಿಸೆಂಬರ್ 9ಕ್ಕೆ ಎಲ್ಲ ಪೆಟ್ಟಿಗೆಗಳೂ ಕೆಲಸ ನಿಲ್ಲಿಸ್ತವೆ ಅಂತ ಕಂಪನಿಯೇ ಮೊದಲೇ ಸಾರಿತು, ನಿಂತವು. ಜನ ಗಲಾಟೆ ಮಾಡಿದ ಮೇಲೆ ದುಡ್ಡು ವಾಪಸ್ ಕೊಡೋ ಮಾತು ಬಂತು. ಕೆಲವು ಹವ್ಯಾಸಿಗಳು ಅದರೊಳಗಿನ ಲಿನಕ್ಸ್ ಕೆದಕಿ ಬೇರೆ ಕೆಲಸಕ್ಕೆ ಹಚ್ಚಿಕೊಂಡಿದ್ದಾರೆ. ಅವರಿಗೆ ನನ್ನದೊಂದು ಸಲಾಮು :)

ಇದಕ್ಕೆ ವಿರುದ್ಧವಾದ ಒಂದು ಒಳ್ಳೇ ಉದಾಹರಣೆಯೂ ಇದೆ. ಲಾಸ್ಟ್‌ಎಫ್ಎಂ 2014ರಲ್ಲಿ ತನ್ನ ರೇಡಿಯೋ ನಿಲ್ಲಿಸಿತು. ಆದರೆ ಕೇಳಿದ ಹಾಡುಗಳ ಡೈರಿಯನ್ನ ಅಳಿಸಲಿಲ್ಲ. ಪ್ರೋಗ್ರಾಂ ಬರೆಯಲು ಗೊತ್ತಿದ್ದವರು ಇವತ್ತಿಗೂ ತಮ್ಮ ಹತ್ತಿಪ್ಪತ್ತು ವರ್ಷದ ಡೈರಿಯನ್ನ ಅಲ್ಲಿಂದ ಹೊರಗೆ ತೆಗೀಬಹುದು. ರೇಡಿಯೋ ಹೋಯಿತು, ರುಚಿ ಉಳಿಯಿತು. ನಾನು ಕೇಳ್ತಿರೋದು ಇಷ್ಟೇ.

*

ಈಗ ಕನ್ನಡದ ವಿಷಯ.

ಹೋದ ವರ್ಷ ಒಂದು ಆ್ಯಪ್‌ನಲ್ಲಿ (ಹೆಸರು ಬೇಡ, ಎಲ್ಲವೂ ಹೆಚ್ಚುಕಮ್ಮಿ ಹಾಗೇ) ಮುಂಗಾರು ಮಳೆ ಚಿತ್ರದ ಒಂದು ಹಾಡಿನಿಂದ ರೇಡಿಯೋ ಶುರು ಮಾಡಿದೆ. ನನಗೆ ಬೇಕಾಗಿದ್ದದ್ದು ಜಯಂತ ಕಾಯ್ಕಿಣಿಯವರ ಸಾಲುಗಳ ಗುಂಗು. 2006ರಲ್ಲಿ ಆ ಸಿನಿಮಾ ಬಂದ ಮೇಲೆ ಕನ್ನಡ ಚಿತ್ರಗೀತೆಯ ಭಾಷೆಯೇ ಬೇರೆಯಾಯಿತಲ್ಲ, ಆ ದಾರಿಯಲ್ಲಿ ಮುಂದೆ ಹೋಗೋಣ ಅಂತ. ಎರಡನೇ ಹಾಡು ಸರಿಯಾಗೇ ಬಂತು. ನಾಲ್ಕನೆಯದು ಸೋನು ನಿಗಮ್ ಹಾಡಿದ ಹಿಂದಿ ಹಾಡು. ಆರನೆಯದೂ ಹಿಂದಿ. ಆಮೇಲೆ ಕನ್ನಡದ ಕಡೆ ತಿರುಗಿಯೂ ನೋಡಲಿಲ್ಲ!

ಯಾಕೆ ಹೀಗೆ? ಯಂತ್ರದ ಕಣ್ಣಿಗೆ ಆ ಹಾಡು ಅಂದರೆ "ಕಲಾವಿದ: ಸೋನು ನಿಗಮ್". ಸಾಹಿತ್ಯ ಬರೆದವರ ಹೆಸರು ಎಷ್ಟೋ ಕಡೆ ದಾಖಲಾಗಿಯೇ ಇರೋಲ್ಲ. ಪಾಶ್ಚಾತ್ಯ ಪಾಪ್‌ನಲ್ಲಿ ಹಾಡಿದವನೇ ಯಜಮಾನ. ನಮ್ಮಲ್ಲಿ ಹಾಗಲ್ಲ. ಒಬ್ಬರು ರಾಜನ್-ನಾಗೇಂದ್ರ ಅಂತ ಕೇಳ್ತಾರೆ, ಒಬ್ಬರು ಹಂಸಲೇಖ ಅಂತ. ಒಬ್ಬರಿಗೆ ಚಿ. ಉದಯಶಂಕರ್ ಸಾಹಿತ್ಯ ಬೇಕು, ಇನ್ನೊಬ್ಬರಿಗೆ "ಅಣ್ಣಾವ್ರ ಹಾಡು" ಬೇಕು. ಅದು ಅವರೇ ಹಾಡಿದ್ದೂ ಆಗಬಹುದು, ತೆರೆಯ ಮೇಲೆ ಅವರಿಗೆ ಪಿ.ಬಿ. ಶ್ರೀನಿವಾಸ್ ದನಿ ಕೊಟ್ಟದ್ದೂ ಆಗಬಹುದು. ಭಾವಗೀತೆಗೆ ಬಂದರಂತೂ ಕವಿ, ಸಂಯೋಜಕ, ಗಾಯಕ ಮೂವರೂ ಮುಖ್ಯ. ಸಿ. ಅಶ್ವಥ್ ಸಂಯೋಜಿಸಿ ಬೇರೆಯವರು ಹಾಡಿದ್ದನ್ನ ಅಶ್ವಥ್ ಅಭಿಮಾನಿಗೆ ಹೇಗೆ ತಲುಪಿಸೋದು? ಯಂತ್ರಕ್ಕೆ ಆ ದಾರ ಕಾಣಿಸೋದೇ ಇಲ್ಲ.

ಎಸ್‌ಪಿಬಿ, ಜಾನಕಿ ಅವರು ದಕ್ಷಿಣದ ಎಲ್ಲ ಭಾಷೆಗಳಲ್ಲೂ ಹಾಡಿದ್ದಾರೆ. ಗಾಯಕರ ಹೆಸರಿನ ದಾರ ಹಿಡಿದು ಹೊರಟರೆ ಕೇಳುಗರು ಹೆಚ್ಚಿರೋ ಭಾಷೆ ಕಡೆಗೇ ಜಾರ್ತೀವಿ. ಲಾಸ್ಟ್‌ಎಫ್ಎಂ ದಾರಿ ಇದೆಯಲ್ಲ, "ನಿಮ್ಮಂಥ ಇತರರು ಕೇಳಿದ್ದು", ಅದರಲ್ಲಿ ಸಂಖ್ಯೆ ದೊಡ್ಡದಿದ್ದವರ ಕಡೆಗೇ ಇಳಿಜಾರು. ಯಾರೂ ಬೇಕಂತ ಮಾಡೋ ಮೋಸ ಅಲ್ಲ ಇದು. ನೀರು ತಗ್ಗಿಗೆ ಹರಿದ ಹಾಗೆ. ಆದರೆ ಮೇಲಿನ ಗದ್ದೆಯವನಿಗೆ ನೀರು ಬೇಕಿದ್ದರೆ ಅವನೇ ಬದು ಕಟ್ಟಬೇಕು ತಾನೇ?

ಅದಕ್ಕೇ ನಾನು ಹೇಳಿದ್ದು, ರುಚಿಯ ಲೆಕ್ಕ ನಮ್ಮ ಕೈಯಲ್ಲಿರೋದು ಕನ್ನಡದವರಿಗೆ ಇನ್ನೂ ಮುಖ್ಯ ಅಂತ. ಇಂಗ್ಲಿಷ್ ಕೇಳುವವನು ಒಂದು ಸೇವೆ ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವಾರದಲ್ಲಿ ಅದು ಅವನನ್ನ ಕಲಿಯುತ್ತೆ. ಅವನಂಥವರು ಅಲ್ಲಿ ಕೋಟಿಗಟ್ಟಲೆ ಇದ್ದಾರೆ. ನಾವು "ಬೇಡ, ಬೇಡ, ಇದು ಬೇಕು" ಅಂತ ವರ್ಷಗಟ್ಟಲೆ ಒತ್ತಿ ತಿದ್ದಿದ ಮೇಲೆ ಒಂಚೂರು ದಾರಿಗೆ ಬಂದಿರುತ್ತೆ. ಅದು ಹೋಯ್ತು ಅಂದ್ರೆ ಮತ್ತೆ ಅ ಆ ಇ ಈ ಇಂದ ಶುರು. ಕಾಲೇಜಿನ ದಿನಗಳಿಂದ ಬಳಸ್ತಿದ್ದ ಇನ್ನೊಂದು ಆ್ಯಪ್ ಹೀಗೇ ಒಂದು ದಿನ ಅಂಗಡಿ ಮುಚ್ಚಿತು. ನಾನು ಇಷ್ಟಪಟ್ಟ ಐನೂರಕ್ಕೂ ಮೇಲೆ ಹಾಡುಗಳ ಪಟ್ಟಿ ಅದರ ಜೊತೆಗೇ ಹೋಯಿತು. ಅರ್ಧದಷ್ಟು ಹೆಸರು ನನಗೀಗ ನೆನಪಿಗೂ ಬರೋಲ್ಲ.

*

"ಪೆಟ್ಟಿಗೆ ಯಾಕೆ ಮಾರಾಯಾ, ಫೋನ್ ಇದೆಯಲ್ಲ" ಅಂತ ನೀವು ಕೇಳೇ ಕೇಳ್ತೀರಿ. 2016ರಲ್ಲಿ ಜಿಯೋ ಬಂದ ಮೇಲೆ ಹಳ್ಳಿಹಳ್ಳಿಯಲ್ಲೂ ಫೋನಿನಲ್ಲೇ ಹಾಡು. ನಿಜ.

ಆದರೆ 2017ರಲ್ಲಿ ಸರೆಗಮ ಕಂಪನಿ 5,000 ಹಿಂದಿ ಹಾಡು ತುಂಬಿದ ಕಾರವಾನ್ ಅನ್ನೋ ಪೆಟ್ಟಿಗೆಯನ್ನ 5,990 ರೂಪಾಯಿಗೆ ಮಾರಾಟಕ್ಕಿಟ್ಟಾಗ ಜನ ಮುಗಿಬಿದ್ದು ಕೊಂಡರಲ್ಲ, ಯಾಕೆ? ಆಮೇಲೆ ಕನ್ನಡ ಹಾಡುಗಳ ಮಾದರಿಯೂ ಬಂತು. ಕೊಂಡವರಲ್ಲಿ ಎಷ್ಟೋ ಜನ ಅಪ್ಪ ಅಮ್ಮನಿಗೆ ಅಂತ ಕೊಂಡ ಮಕ್ಕಳು. ಫೋನು ಹಾಡಿನ ಮಧ್ಯೆ ಮೆಸೇಜು ತೋರಿಸುತ್ತೆ, ಅಪ್‌ಡೇಟ್ ಕೇಳುತ್ತೆ, ಕಾಲ್ ಬಂದರೆ ಹಾಡು ನಿಲ್ಲಿಸುತ್ತೆ. ಒಗ್ಗರಣೆ ಹಾಕ್ತಿರೋ ಕೈಯಲ್ಲಿ ಪರದೆ ಸವರೋಕಾಗಲ್ಲ. ಕಣ್ಣು ಕಾಣದವರಿಗೆ, ವಯಸ್ಸಾದವರಿಗೆ ಕೈಗೆ ಸಿಗೋ ಗುಂಡಿ ಬೇಕು. ಕಾರವಾನ್ ಇಂಟರ್ನೆಟ್ ಬೇಡದೆ ಹಾಡುತ್ತೆ. ಕಂಪನಿ ಏನಾದರೂ ಆದರೂ ಅದರೊಳಗಿನ ಹಾಡು ಎಲ್ಲೂ ಹೋಗೋಲ್ಲ. ಆದರೆ ಅದಕ್ಕೆ ಕೇಳುಗರು ಯಾರು ಅಂತ ಗೊತ್ತಿಲ್ಲ. ನೀವು ಹತ್ತು ವರ್ಷ ಕೇಳಿದರೂ ಅದು ಮೊದಲ ದಿನದಷ್ಟೇ ಅಪರಿಚಿತ.

ಸ್ಲ್ಯಾಕರ್ ಕಲಿಯುತ್ತಿತ್ತು, ಆದರೆ ಧಣಿ ಇಲ್ಲದೆ ಬದುಕುತ್ತಿರಲಿಲ್ಲ. ಕಾರವಾನ್ ಧಣಿ ಇಲ್ಲದೆಯೂ ಬದುಕುತ್ತೆ, ಆದರೆ ಕಲಿಯೋಲ್ಲ. ಎರಡೂ ಒಂದರಲ್ಲೇ ಇರೋಕೆ ಆಗೋಲ್ವಾ?

ಆಗುತ್ತೆ. ಇದು ಬಾಯಿಮಾತಲ್ಲ. ತೀರ್ಥಹಳ್ಳಿ ಕಡೆ ಊರಲ್ಲಿರೋ ಅಮ್ಮನಿಗೆ ಒಂದು ಮಾಡಿಕೊಟ್ಟಿದ್ದೀನಿ. ಒಂದು ರಾಸ್ಪ್‌ಬೆರಿ ಪೈ ಝೀರೋ, ಅದರಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲದ್ದಕ್ಕೆ ಒಂದು ಸಣ್ಣ ಆಡಿಯೋ ಬೋರ್ಡ್, ಹಳೇ ಸ್ಪೀಕರ್, ಮೂರು ಗುಂಡಿ. ಮನೆಯಲ್ಲಿದ್ದ ಸೀಡಿಗಳನ್ನೆಲ್ಲ ಮೆಮರಿ ಕಾರ್ಡಿಗೆ ಹಾಕಿದೆ. ಕಲಿಯೋ ಭಾಗಕ್ಕೆ ದೊಡ್ಡ ಗಣಿತ ಏನೂ ಇಲ್ಲ. ಮಡಕೆಯಲ್ಲಿ ಚೀಟಿ ಹಾಕಿ ಎತ್ತೋ ಲೆಕ್ಕ. ಶುರುವಿನಲ್ಲಿ ಪ್ರತಿ ಹಾಡಿಗೂ 10 ಚೀಟಿ. ಇಷ್ಟ ಅಂತ ಒತ್ತಿದರೆ ಆ ಹಾಡಿಗೆ ಇನ್ನೂ 5 ಚೀಟಿ, ಅದೇ ಸಂಯೋಜಕರ, ಅದೇ ಕವಿಯ ಉಳಿದ ಹಾಡುಗಳಿಗೂ ಒಂದೊಂದು. ಬೇಡ ಅಂತ ಒತ್ತಿದರೆ 3 ಚೀಟಿ ವಾಪಸ್. ಎಷ್ಟು ಬೇಡ ಅಂದರೂ ಒಂದು ಚೀಟಿ ಮಡಕೆಯಲ್ಲಿ ಉಳಿದೇ ಇರುತ್ತೆ. ಇಡೀ ಪ್ರೋಗ್ರಾಂ ನೂರೈವತ್ತು ಸಾಲು ದಾಟಿಲ್ಲ. ಚೀಟಿಗಳ ಲೆಕ್ಕ ಒಂದು ಸಾದಾ ಟೆಕ್ಸ್ಟ್ ಫೈಲು, ಕನ್ನಡದಲ್ಲಿ, ಯೂನಿಕೋಡಿನಲ್ಲಿ :) ಬೇಕಾದರೆ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಬಹುದು.

ಕೊಟ್ಟಾಗ ಅಮ್ಮನಿಗೆ ಹೇಳಿದೆ, "ಬೇಡದ ಹಾಡು ಬಂದ್ರೆ ಈ ಗುಂಡಿ ಒತ್ತಮ್ಮ."

"ಬೇಡದ ಹಾಡು ಅಂತ ಯಾವ್ದೋ? ಮೂರು ನಿಮಿಷ ತಾನೆ, ಮುಗಿಯತ್ತೆ ಬಿಡು."

ಇಷ್ಟು ವರ್ಷ ಭದ್ರಾವತಿ ಆಕಾಶವಾಣಿ ಕೇಳಿದ ಕಿವಿ ಅದು. ಹಾಕಿದ್ದನ್ನ ಕೇಳಿ ಅಭ್ಯಾಸ. ಚಿತ್ರಗೀತೆ ಬರೋತನಕ ಕೃಷಿರಂಗವನ್ನೂ ಕೇಳಿದವರು. ಐದು ತಿಂಗಳಾದ ಮೇಲೆ ಊರಿಗೆ ಹೋದಾಗ ಫೈಲು ತೆಗೆದು ನೋಡಿದೆ. "ಬೇಡ" ಒಂದೂ ಇಲ್ಲ. "ಇಷ್ಟ" ಬರೀ 41. ಆ 41ರಲ್ಲಿ 26 ರಾಜನ್-ನಾಗೇಂದ್ರ! ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಓದಿ ಹೇಳಿದಾಗ "ಹೌದಾ, ಅವೆಲ್ಲ ಅವರದ್ದೇನಾ?" ಅಂದಳು. ಎರಡು ಕನಸು ಚಿತ್ರದ ಹಾಡುಗಳೆಲ್ಲ ಪಟ್ಟಿಯ ಮೇಲಿದ್ದವು.

ಆ 41 ಸಾಲಿನ ಫೈಲು ನನಗೆ ಅಮ್ಮನ ಕೈಬರಹದ ಅಡುಗೆ ಪುಸ್ತಕದ ಹಾಗೆ ಕಾಣಿಸ್ತು. ನಾಳೆ ಆ ಪೆಟ್ಟಿಗೆ ಸುಟ್ಟುಹೋದರೂ ಫೈಲು ನನ್ನ ಹತ್ರ ಇದೆ. ಇಂಥದ್ದೇ ಪಟ್ಟಿಗಳು, ನಮ್ಮೆಲ್ಲರ ಅಪ್ಪ ಅಮ್ಮಂದಿರದ್ದು, ಯಾವ್ಯಾವುದೋ ಕಂಪನಿಗಳ ಸರ್ವರುಗಳಲ್ಲಿ ಇವೆ. ಅವರು ಹೋದ ಮೇಲೆ ಅವನ್ನ ಯಾರು ತೆಗೆದುಕೊಡ್ತಾರೆ?

*

"ಈಗ ದೊಡ್ಡ ಸೇವೆಗಳು ನಿಮ್ಮ ಡೇಟಾ ಡೌನ್‌ಲೋಡ್ ಮಾಡ್ಕೊಳ್ಳಿ ಅಂತ ಕೊಡ್ತವಲ್ಲ" ಅನ್ನಬಹುದು. ಕೊಡ್ತವೆ, 2018ರಲ್ಲಿ ಯುರೋಪಿನ ಕಾನೂನು ಬಂದ ಮೇಲೆ ಇದು ಸುಧಾರಿಸಿದೆ. ಆದರೆ ಒಂದು ಕಡೆ ತೆಗೆದ ಕಡತವನ್ನ ಇನ್ನೊಂದು ಕಡೆ ಹಾಕೋಕೆ ಎಷ್ಟೋ ಕಡೆ ನೇರವಾದ ದಾರಿ ಇಲ್ಲ. ಊರು ಬಿಡುವಾಗ ಪಡಿತರ ಚೀಟಿ ಕೈಗೆ ಕೊಟ್ಟು, ಹೊಸ ಊರಲ್ಲಿ ಅದು ನಡೆಯೋಲ್ಲ ಅಂದ ಹಾಗೆ.

ಹಾಗಾಗಿ ಇನ್ನು ಮುಂದೆ ಹಾಡಿನ ಪೆಟ್ಟಿಗೆ ಮಾರೋರಿಂದ ನಾವು ಕೇಳಬೇಕಾದ್ದು ಎರಡು. ಒಂದು, ನಿಮ್ಮ ಸರ್ವರ್ ನಿಂತ ದಿನ ಈ ಪೆಟ್ಟಿಗೆ ಕನಿಷ್ಠಪಕ್ಷ ಕಾರ್ಡಿನಲ್ಲಿರೋ ಹಾಡು ಹಾಡಬೇಕು, ಬಯಲಲ್ಲಿರೋ ಇಂಟರ್ನೆಟ್ ರೇಡಿಯೋ ಹಿಡೀಬೇಕು. ಎರಡು, ನನ್ನ ಇಷ್ಟಗಳ ಪಟ್ಟಿ ನನಗೆ ಓದೋಕೆ ಬರೋ ರೂಪದಲ್ಲಿ, ನಾನು ಕೇಳಿದಾಗ ಸಿಗಬೇಕು. ಇವೆರಡೂ ತಾಂತ್ರಿಕವಾಗಿ ಕಷ್ಟದ್ದಲ್ಲ. ಇದೇ ಹೊಟ್ಟೆಪಾಡು ನನ್ನದೂ, ಗೊತ್ತಿದ್ದೇ ಹೇಳ್ತಿದ್ದೀನಿ.

ಮೂರನೆಯದನ್ನ ಯಾರನ್ನೂ ಕೇಳಬೇಕಿಲ್ಲ, ನಾವೇ ಮಾಡಬಹುದು. ಮ್ಯೂಸಿಕ್‌ಬ್ರೇನ್ಜ್ ಅಂತ ಒಂದು ಮುಕ್ತ ದತ್ತಾಂಶ ಇದೆ, 2000ದಿಂದ ನಡೀತಿದೆ. ವಿಕಿಪೀಡಿಯಾದ ಹಾಗೆ ಯಾರು ಬೇಕಾದರೂ ಸೇರಿಸಬಹುದು. ಒಂದು ಹಾಡಿಗೆ ಗಾಯಕರು, ಸಂಯೋಜಕರು, ಸಾಹಿತ್ಯ ಬರೆದವರು ಅಂತ ಬೇರೆ ಬೇರೆ ಕೊಂಡಿ ಹಾಕಬಹುದು, ಹೆಸರುಗಳನ್ನ ಕನ್ನಡ ಲಿಪಿಯಲ್ಲೇ ಬರೀಬಹುದು. ಅದರ ಸೋದರ ಲಿಸನ್‌ಬ್ರೇನ್ಜ್‌ನಲ್ಲಿ ನಿಮ್ಮ ಕೇಳುವಿಕೆಯ ಡೈರಿ ಇಡಬಹುದು, ಬೇಕಾದಾಗ ಹೊರಗೆ ತೆಗೀಬಹುದು. ಕಾಯ್ಕಿಣಿಯವರಿಂದ ಕಾಯ್ಕಿಣಿಯವರ ಇನ್ನೊಂದು ಹಾಡಿಗೆ ಹೋಗೋ ದಾರ ಯಂತ್ರಕ್ಕೆ ಕಾಣಬೇಕಾದರೆ ಯಾರಾದರೂ ಅದನ್ನ ಹೊಸೀಬೇಕು. ಹಳೇ ಕ್ಯಾಸೆಟ್ಟಿನ ಹೊದಿಕೆ ಓದಿ ಹೆಸರು ದಾಖಲಿಸೋರು ನಮ್ಮ ಬ್ಲಾಗಿಗರಲ್ಲದೆ ಇನ್ಯಾರಿದ್ದಾರೆ ಹೇಳಿ?

ನಾವೂ ಪುಕ್ಕಟೆ ಜಾಗದಲ್ಲೇ ಬರೀತಿರೋರು. 2009ರಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿದಾಗ ಎಷ್ಟೊಂದು ಪುಟಗಳು ಹೋದವು ಅಂತ ಹಿರಿಯ ಬ್ಲಾಗಿಗರಿಗೆ ಗೊತ್ತು. ಅದಕ್ಕೇ ನಾವು ಪೋಸ್ಟುಗಳ ಬ್ಯಾಕಪ್ ಇಟ್ಕೋತೀವಿ. ಬರೆದದ್ದಕ್ಕೆ ಮಾಡೋ ಈ ಜತನ ಕೇಳಿದ್ದಕ್ಕೂ ಬೇಡ್ವಾ?

ಶುರುವಿಗೆ ಒಂದು ಸಣ್ಣ ಕೆಲಸ. ನಿಮ್ಮ ಆ್ಯಪ್‌ನಲ್ಲಿ ನೀವು ಇಷ್ಟಪಟ್ಟ ಕನ್ನಡ ಹಾಡುಗಳಲ್ಲಿ ಹತ್ತರ ಹೆಸರು, ಸಂಯೋಜಕರು, ಕವಿ, ಮೂರನ್ನೂ ಕಮೆಂಟಿನಲ್ಲಿ ಬರೀರಿ. ಬಂದದ್ದನ್ನೆಲ್ಲ ಒಟ್ಟು ಮಾಡಿ ಮ್ಯೂಸಿಕ್‌ಬ್ರೇನ್ಜ್‌ಗೆ ಸೇರಿಸೋ ಕೆಲಸ ನನ್ನದು. ಅಮ್ಮನ 41ರಲ್ಲಿ ಮೊದಲ ಹತ್ತನ್ನ ನಾನೇ ಇವತ್ತು ರಾತ್ರಿ ಹಾಕ್ತೀನಿ.

ಏನಂತೀರಾ?